ಬೀಗ ಹಾಕಿದ ಬೀರುವಿನಲ್ಲಿದ್ದ ‘ಆ ಮಹಿಳೆಯ ಸಾಮಾನು’

ಕಳೆದ ವರ್ಷ ಜೂನ್ ತಿಂಗಳ ಒಂದು ಬುಧವಾರ. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಅದು. ಹೇವರ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಾನು ದೋಸೆಗೆ ಅಕ್ಕಿ, ಉದ್ದಿನಬೇಳೆ ನೆನೆಹಾಕುತ್ತಿದ್ದೆ. ನಮ್ಮ ಯಜಮಾನರು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲ ಬಳಿ ಶೂ ಕಟ್ಟಿಕೊಳ್ಳುತ್ತಾ ಕೇಳಿದರು.

“ಶೈಲೂ, ನಿನ್ನ ಪಾಸ್‌ಪೋರ್ಟು ಎಲ್ಲಿಟ್ಟಿದ್ದೀಯೇ?”

“ಬೀರೂಲಿದೆ. ಯಾಕೆ?”

“ಸುಮ್ನೆ. ಡೇಟು ನೋಡೋಣಾಂತ.”

“ಬೆಳಗ್ಗೆ ಬೆಳಗ್ಗೆ ಪಾಸ್‌ಪೋರ್ಟಿನ ಚಿಂತೆ ಯಾಕ್ರೀ? ಫ್ರೀವೇ ಜಾಮ್ ಆಗತ್ತೆ, ಮೊದ್ಲು ಹೊರಡಿ.”

ಅವರು ನಕ್ಕು ಹೊರಟರು. ಸಂಜೆ ಬಂದರು, ಊಟ ಮಾಡಿದರು, ಮಜ್ಜಿಗೆಗೆ ಉಪ್ಪು ಕಡಿಮೆ ಎಂದರು, ಮಲಗಿದರು. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಅವರು ಕೆಲಸ ಮಾಡುತ್ತಿದ್ದ ಗೋದಾಮಿನಿಂದ ಫೋನು ಬಂತು. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೃದಯ ನಿಂತಿತ್ತು. ಮನೆಗೆ ಬಂದು ನೋಡಿದರೆ ರುಬ್ಬಿಟ್ಟಿದ್ದ ದೋಸೆ ಹಿಟ್ಟು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಅದನ್ನು ಒರೆಸಿದವರು ಯಾರೋ, ನೆನಪಿಲ್ಲ.

ಹದಿಮೂರು ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಮೇಘಾ ಅಪ್ಪನ ಈಮೇಲ್ ತೆರೆದು ನೋಡಲು ಕುಳಿತಳು. ಅವಳಿಗೆ ಬರ್ಕ್ಲಿಯಲ್ಲಿ ಲ್ಯಾಬಿನ ಕೆಲಸ. ಹುಟ್ಟಿ ಬೆಳೆದದ್ದು ಇಲ್ಲೇ.

“ಅಮ್ಮಾ, ಅಪ್ಪ ಇಟಲೀಲಿ ರೂಮ್ ಬುಕ್ ಮಾಡಿದಾರೆ. ಸಮ್ ಮೌಂಟನ್ ಗೆಸ್ಟ್‌ಹೌಸ್. ಸೆಪ್ಟೆಂಬರ್, ಟೂ ಪೀಪಲ್. ನಿಂಗೆ ಗೊತ್ತಿತ್ತಾ?”

“ಇಲ್ಲ” ಎಂದೆ. ನಾನು ಊರು ಬಿಟ್ಟು ಊರಿಗೆ ಹೋಗುವವಳೇ ಅಲ್ಲ. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ನಾನು ತಿನ್ನುವುದಿಲ್ಲ. ಒಮ್ಮೆ ಮಾಂಟೆರೆಗೆಂದು ಎರಡು ದಿನಕ್ಕೆ ಹೋಗಿ, ಬಾಳೆಹಣ್ಣು ತಿಂದುಕೊಂಡಿದ್ದು ಒಂದೇ ದಿನಕ್ಕೆ ಅವರನ್ನೂ ಎಬ್ಬಿಸಿಕೊಂಡು ವಾಪಸು ಬಂದಿದ್ದೆ. ಅದಾದ ಮೇಲೆ ಎಲ್ಲಿಗೆ ಕರೆದರೂ ನಾನು ಹೇಳುತ್ತಿದ್ದ ಮಾತು ಒಂದೇ: “ನೀವು ಹೋಗ್ಬನ್ನಿ, ನಂಗೆ ನನ್ನ ಅಡುಗೆಮನೆ ಸಾಕು.”

ಮೇಘಾ ಮಲಗಿದ ಮೇಲೆ ನಾನೇ ಆ ಈಮೇಲ್‌ಗಳನ್ನು ಕೆಳಕೆಳಗೆ ನೋಡುತ್ತಾ ಹೋದೆ. ಅದೇ ಗೆಸ್ಟ್‌ಹೌಸಿನಿಂದ ಮೂರು ವರ್ಷದ ಹಿಂದೆ ಬಂದ ಒಂದು ಸಂದೇಶ ಸಿಕ್ಕಿತು. ಹರಕು ಇಂಗ್ಲಿಷಿನಲ್ಲಿತ್ತು. ‘ಸರ್, ನೀವು ಹೇಳಿದಂತೆ ಆ ಮಹಿಳೆಯ ಸಾಮಾನು ನನ್ನ ಬೀರುವಿನಲ್ಲಿದೆ. ಬೀಗ ಹಾಕಿದ್ದೇನೆ. ಯಾರೂ ಮುಟ್ಟುವುದಿಲ್ಲ. ನೀವಿಬ್ಬರೂ ಬಂದಾಗ ಕೊಡುತ್ತೇನೆ.’

ನಾನು ಅದನ್ನು ಎಷ್ಟು ಸಲ ಓದಿದೆನೋ ತಿಳಿಯದು. ಮೂರು ವರ್ಷದ ಹಿಂದೆ ಅವರು ಇಟಲಿಗೆ ಹೋಗಿದ್ದು ನಿಜ. ಅವರ ಗೋದಾಮಿಗೆ ಅಲ್ಲಿಂದ ನೆಲದ ಟೈಲ್ಸು ಬರುತ್ತಿತ್ತು. ಕಾರ್ಖಾನೆ ನೋಡಿ ಬರಲು ಒಂದು ವಾರ ಕಳಿಸಿದ್ದರು. ಬಂದದ್ದು ಎರಡು ದಿನ ತಡವಾಗಿ. “ಲೋಡು ಚೆಕ್ ಮಾಡೋದು ತಡ ಆಯ್ತು ಕಣೇ” ಎಂದಿದ್ದರು. ನಾನು ನಂಬಿದ್ದೆ.

ಅಲ್ಲಿ ಸಾಮಾನು ಬಿಟ್ಟು ಹೋದ ಹೆಂಗಸು ಯಾರು? ಮತ್ತೆ ಅವಳನ್ನು ಕರೆದುಕೊಂಡು ಹೋಗಲು ನನ್ನ ಪಾಸ್‌ಪೋರ್ಟಿನ ಡೇಟು ಯಾಕೆ? ನಾನು ಹಿಂದೆ ಬರಲಾರದಂತೆ ನೋಡಿಕೊಳ್ಳುವುದಕ್ಕೋ? ಅನುಮಾನಕ್ಕೆ ಹೊಟ್ಟೆ ತುಂಬುವುದೇ ಇಲ್ಲ. ಮೂವತ್ತೊಂದು ವರ್ಷ ಜೊತೆಗಿದ್ದವರ ಫೋಟೋಗೆ ಆವತ್ತಿನಿಂದ ಮುಖ ನೋಡದೆಯೇ ಹೂವಿಟ್ಟೆ. ಒಂದೊಂದು ದಿನ ಇಡಲೂ ಇಲ್ಲ.

ಸೆಪ್ಟೆಂಬರಿನಲ್ಲಿ ನಾನು ಇಟಲಿಗೆ ಹೋಗುತ್ತೇನೆ ಎಂದಾಗ ಮೇಘಾ ಕಣ್ಣರಳಿಸಿ ನೋಡಿದಳು. “ನೀನಾ? ಇಟಲಿಗಾ?” ಅಪ್ಪ ಮಾಡಿಸಿದ ರೂಮಲ್ಲವೇ, ನೋಡಿ ಬರೋಣ ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಬೀರು ಮಾತ್ರ.

ವಿಮಾನ, ರೈಲು, ಕೊನೆಗೆ ಬೆಟ್ಟ ಹತ್ತುವ ಒಂದು ಬಸ್ಸು. ಊರು ಚಿಕ್ಕದು. ಹಿಂದೆ ಗೋಡೆಯಂತೆ ನಿಂತ ಬೂದು ಬಂಡೆಯ ಬೆಟ್ಟಗಳು, ಕೆಳಗೆ ಹಸಿರು ಹುಲ್ಲು, ಕೊರಳಲ್ಲಿ ಗಂಟೆ ಕಟ್ಟಿದ ಹಸುಗಳು. ಗೆಸ್ಟ್‌ಹೌಸಿನ ಕಿಟಕಿಗಳಲ್ಲೆಲ್ಲ ಕೆಂಪು ಹೂವಿನ ಕುಂಡಗಳು. ಮೇಘಾ ನಿಂತ ನಿಂತಲ್ಲೇ ಫೋಟೋ ತೆಗೆಯುತ್ತಿದ್ದಳು. ನಾನು ಇಂಥ ಜಾಗಕ್ಕೆ ಅವರು ಯಾರನ್ನು ಕರೆತಂದಿದ್ದರು ಎಂದು ಯೋಚಿಸುತ್ತಿದ್ದೆ.

ಒಡತಿಯ ಹೆಸರು ಮಾರ್ಟಾ. ಎಪ್ಪತ್ತರ ಹತ್ತಿರದ, ಗಟ್ಟಿಮುಟ್ಟಾದ ಹೆಂಗಸು. ನಮ್ಮವರ ಹೆಸರು ಕೇಳಿದ ಕೂಡಲೇ ಆಕೆಯ ಮುಖ ಅರಳಿತು. ಬಳಿಕ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ನನ್ನನ್ನು ನೋಡಿದಳು, ಮೇಘಾಳನ್ನು ನೋಡಿದಳು.

“ಸರ್ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮೇಘಾ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. “ಕೆಲಸ ಇದೆ. ಎರಡು ದಿನ ಬಿಟ್ಟು ಬರ್ತಾರೆ. ನಾನು ಅವರ ಹೆಂಡತಿ.”

ಸುಳ್ಳು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಸತ್ತಿದ್ದಾರೆ ಎಂದರೆ ಈಕೆ ಕರುಣೆಯಿಂದ ಎಲ್ಲವನ್ನೂ ಮುಚ್ಚಿಹಾಕಬಹುದು, ಬರುತ್ತಾರೆ ಎಂದರೆ ಏನಾದರೂ ಬಾಯಿಬಿಡಬಹುದು ಎಂಬ ಲೆಕ್ಕ. ‘ಹೆಂಡತಿ’ ಎಂದಾಗ ಆಕೆ ಏನೋ ಹೇಳಲು ಹೋಗಿ, ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಅನುಮಾನ ನಿಜವಾಯಿತು ಎನಿಸಿತು.

ಕೋಣೆಗೆ ಬಂದ ಮೇಲೆ ಮೇಘಾ ಸಿಟ್ಟಾದಳು. “ಅಮ್ಮಾ, ವೈ ವುಡ್ ಯು ಸೇ ದಟ್? ಅಪ್ಪ ಬರ್ತಾರಂತೆ!”

“ನೀನು ಸುಮ್ನಿರು. ನಂಗೆ ಕಾರಣ ಇದೆ.”

ನಮಗೆ ಕೊಟ್ಟದ್ದು ನೆಲಮಹಡಿಯ ಕೋಣೆ, ಎದುರಿಗೆ ಜಗಲಿ, ಜಗಲಿಯಿಂದ ನೇರ ಬೆಟ್ಟ. ಮೆಟ್ಟಿಲಿಲ್ಲದ ಕೋಣೆಯೇ ಬೇಕೆಂದು ಸರ್ ಮೂರು ವರ್ಷದ ಹಿಂದೆಯೇ ಹೇಳಿದ್ದರು ಎಂದಳು ಮಾರ್ಟಾ. ಅವರು ಎರಡೆರಡು ಮೆಟ್ಟಿಲು ಹಾರಿ ಹತ್ತುವ ಮನುಷ್ಯ. ಹಾಗಾದರೆ ಅವಳಿಗೂ ವಯಸ್ಸಾಗಿರಬೇಕು ಎಂದುಕೊಂಡೆ. ನನ್ನ ಮಂಡಿ ಆಗಲೇ ನೋಯುತ್ತಿತ್ತು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಸಂಜೆ ಬೆಟ್ಟಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಎಲ್ಲರೂ ಹೊರಗೆ ಬಂದು ನೋಡುತ್ತಿದ್ದರು. ನಾನು ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ಬಣ್ಣದ ಹೂ ಬರೆದ ಹಳೆಯ ಮರದ ಬೀರು. ಅದಕ್ಕೊಂದು ಬೀಗ. ನಾನು ಅದರ ಹತ್ತಿರ ಹೋದದ್ದೇ ತಡ, ಮಾರ್ಟಾ ಓಡಿ ಬಂದು ಅಡ್ಡ ನಿಂತಳು. ತಲೆ ಅಲ್ಲಾಡಿಸಿ ನಕ್ಕಳು. “ಇಲ್ಲ, ಇಲ್ಲ. ಸರ್ ಬರಲಿ.”

ಆ ನಗು ನೋಡಿ ನನಗೆ ಮೈ ಉರಿಯಿತು.

ಎರಡು ದಿನ ನಾನು ಮನೆಯಿಂದ ತಂದಿದ್ದ ಅವಲಕ್ಕಿ, ಚಟ್ನಿಪುಡಿ, ಅಲ್ಲಿಯ ಸೇಬು ತಿಂದುಕೊಂಡಿದ್ದೆ. ಮಾರ್ಟಾ ಪ್ರತಿ ಹೊತ್ತೂ ಬಾಗಿಲು ತಟ್ಟಿ ಊಟಕ್ಕೆ ಕರೆಯುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ. ಆಕೆ ಪೇಚಾಡಿಕೊಂಡು ಆ ಬೀರುವಿನ ಕಡೆ ನೋಡುತ್ತಿದ್ದಳು. ಎರಡನೆಯ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ನಾನು ಆ ಈಮೇಲ್ ಅನ್ನು ಕೊನೆಗೂ ಮೇಘಾಳಿಗೆ ತೋರಿಸಿದೆ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ, “ಸೋ ಇದಕ್ಕೆ ಬಂದಿದ್ದಾ ನಾವು? ಅಪ್ಪನ್ನ ಹಿಡಿಯೋಕೆ?” ಎಂದಳು. “ಅಮ್ಮಾ, ನೀನು ವಿಮಲಾ ಆಂಟಿಗೆ ಮಾಡಿದ ಹಾಗೇ ಮಾಡ್ತಿದೀಯ.”

ಆ ಮಾತು ಚುಚ್ಚಿತು. ವಿಮಲಾ ನಮ್ಮ ಪಕ್ಕದ ಬ್ಲಾಕಿನವರು, ಉಡುಪಿಯ ಕಡೆಯವರು. ನನಗೆ ಇಲ್ಲಿ ಇದ್ದ ಒಬ್ಬರೇ ಗೆಳತಿ. ಕೆಲವು ವರ್ಷದ ಹಿಂದೆ ನವರಾತ್ರಿಯಲ್ಲಿ ಅವರ ಮನೆಯಲ್ಲಿ ಊಟ. ನಾಲ್ಕೈದು ಮನೆಯವರು ಒಂದೊಂದು ಅಡುಗೆ ಮಾಡಿಕೊಂಡು ಹೋಗಿದ್ದೆವು. ನಾನು ಸಾರು ಮಾಡಿ, ಮದುವೆಯಲ್ಲಿ ಅಮ್ಮ ಕೊಟ್ಟ ಸ್ಟೀಲಿನ ಡಬರಿಯಲ್ಲಿ ಒಂದಿಷ್ಟು, ದೊಡ್ಡ ಪಾತ್ರೆಯಲ್ಲಿ ಉಳಿದದ್ದು ಒಯ್ದಿದ್ದೆ. ನಮ್ಮ ಕಡೆ ಪಾತ್ರೆಗೆ ಹೆಸರು ಕೊರೆಸುತ್ತಾರಲ್ಲ, ಹಾಗೆ ಅದರ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ‘ಸೌ. ಶೈಲಜಾ’ ಎಂದಿತ್ತು. ಪಾತ್ರೆಗಳೆಲ್ಲ ಮನೆಗೆ ಬಂದವು ಎಂದುಕೊಂಡಿದ್ದೆ. ಕೆಲವು ದಿನ ಬಿಟ್ಟು ನೋಡಿದರೆ ಡಬರಿ ಇಲ್ಲ.

ವಿಮಲಾ ಅವರನ್ನು ಒಮ್ಮೆ ಕೇಳಿದೆ. ಎರಡನೆಯ ಸಲ ಬೇರೆಯವರ ಎದುರಿಗೆ ಕೇಳಿದೆ. ಮೂರನೆಯ ಸಲ ಅವರು ಅಡುಗೆಮನೆಯ ಪಾತ್ರೆಗಳನ್ನೆಲ್ಲ ನೆಲದ ಮೇಲೆ ತಂದು ಹರಡಿದರು. “ನೀವೇ ಹುಡುಕಿ ಶೈಲಜಾ. ಸಿಕ್ಕಿದ್ರೆ ಹೊತ್ಕೊಂಡು ಹೋಗಿ. ಮತ್ತೆ ಕೇಳ್ಬೇಡಿ.” ನಾನು ನಿಜಕ್ಕೂ ಕುಳಿತು ಹುಡುಕಿದೆ. ಆಮೇಲೆ ನಮ್ಮ ಮಾತು ನಿಂತಿತು. ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡಾಗ ನಮ್ಮವರು, “ಹೋಗ್ಲಿ ಬಿಡೇ, ಎಲ್ಲೋ ಇರತ್ತೆ, ಸಿಗತ್ತೆ” ಎಂದಿದ್ದರು ಅಷ್ಟೆ.

ಮೇಘಾ ಎದ್ದು ಸೀದಾ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗುವಷ್ಟರಲ್ಲಿ ಮಾರ್ಟಾಳ ಎದುರು ನಿಂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: “ನಮ್ಮಪ್ಪ ಬರುವುದಿಲ್ಲ. ಜೂನಿನಲ್ಲಿ ತೀರಿಕೊಂಡರು. ಅಮ್ಮ ಹೇಳಿದ್ದು ಸುಳ್ಳು.” ಮಾರ್ಟಾಗೆ ಪೂರ್ತಿ ಅರ್ಥವಾಗಲಿಲ್ಲ. ಮೇಘಾ ಫೋನಿನಲ್ಲಿ ಅವರ ಭಾಷೆಗೆ ತಿರುಗಿಸಿ ತೋರಿಸಿದಳು.

ಓದುತ್ತಾ ಓದುತ್ತಾ ಆಕೆ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಕೈಯಲ್ಲಿದ್ದ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು, ಅದೇ ಏಪ್ರನ್ನಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೊರಳಲ್ಲಿ ಹಾಕಿಕೊಂಡಿದ್ದ ಕೀಲಿ ತೆಗೆದು ಬೀರುವಿನ ಬಾಗಿಲು ತೆರೆದಳು.

ಮೇಲಿನ ಅರೆಯಲ್ಲಿ ನೀಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಆಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಇಟ್ಟಳು. ಬಿಚ್ಚಲು ನನ್ನಿಂದ ಆಗಲಿಲ್ಲ, ಮೇಘಾ ಬಿಚ್ಚಿದಳು.

ಒಳಗೆ ನನ್ನ ಡಬರಿ ಇತ್ತು.

ಅಮ್ಮ ಕೊಟ್ಟದ್ದೇ. ಅಂಚಿನಲ್ಲಿ ‘ಸೌ. ಶೈಲಜಾ’. ಜೊತೆಗೊಂದು ಹೊಸ ಸೌಟು, ಒಂದು ಚಿಕ್ಕ ಬಾಣಲೆ, ಮೂರು ವರ್ಷ ಹಳೆಯದಾಗಿ ಬಣ್ಣ ಕೆಟ್ಟ ನಮ್ಮ ಮನೆಯ ಸಾರಿನ ಪುಡಿಯ ಬಾಟಲಿ. ಮೇಲೆ ಒಂದು ಚೀಟಿ, ಅವರ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ: ‘ಮಾಂಸಕ್ಕಲ್ಲ. ಮೊಟ್ಟೆಗಲ್ಲ. ನನ್ನ ಹೆಂಡತಿಗೆ ಮಾತ್ರ.’

ಮಾರ್ಟಾ ಫೋನು ಹಿಡಿದುಕೊಂಡು ಒಂದೊಂದೇ ಮಾತು ಹೇಳಿದಳು. ಆ ಸಲ ಅವರು ಒಬ್ಬರೇ ಬಂದಿದ್ದರಂತೆ. ಎರಡು ದಿನ ಇದ್ದರಂತೆ. ಮೊದಲ ದಿನವೇ ಅಡುಗೆಮನೆಗೆ ಬಂದು ಒಲೆ ಹೇಗಿದೆ, ಅಕ್ಕಿ ಎಲ್ಲಿ ಸಿಗುತ್ತದೆ ಎಂದೆಲ್ಲ ಕೇಳಿದರಂತೆ. ಆ ಡಬರಿಯಲ್ಲಿ ತಾವೇ ಸಾರು ಮಾಡಿ ಈಕೆಗೂ ಕೊಟ್ಟರಂತೆ. ಖಾರಕ್ಕೆ ಈಕೆ ಕೆಮ್ಮಿದಾಗ ಬಿದ್ದು ಬಿದ್ದು ನಕ್ಕರಂತೆ. ಹೊರಡುವಾಗ ಹೇಳಿದ್ದು ಇದು: ‘ನನ್ನ ಹೆಂಡತಿ ಎಲ್ಲಿಗೂ ಬರುವುದಿಲ್ಲ. ಅವಳ ಪಾತ್ರೆ ಇಲ್ಲಿದ್ದರೆ ಅವಳೂ ಬರುತ್ತಾಳೆ. ನಾನು ಕರೆತರುವವರೆಗೆ ಹೇಳಬೇಡಿ.’ ಮುಂದಿನ ವರ್ಷ ನನ್ನ ಮಂಡಿ ಆಪರೇಷನ್ನು, ಅದರ ಮುಂದಿನ ವರ್ಷ ಮೇಘಾಳ ಪರೀಕ್ಷೆ. ಹೀಗೆ ಅದು ಮುಂದಕ್ಕೆ ಹೋಗುತ್ತಾ ಹೋಗಿತ್ತು.

ಅವರು ಬರುತ್ತಾರೆ ಎಂದು ನಾನು ಹೇಳಿದ್ದರಿಂದಲೇ ಆಕೆ ಬೀರು ತೆರೆಯಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದ ಹೆಂಗಸನ್ನು ನಾನು ಎರಡು ದಿನ ಕಳ್ಳಿಯಂತೆ ನೋಡಿದ್ದೆ.

ಆ ಸಂಜೆ ಮಾರ್ಟಾಳ ಒಲೆಯ ಮೇಲೆ ಆ ಬಾಣಲೆಯಲ್ಲಿ ಅನ್ನ ಮಾಡಿದೆ. ಡಬರಿಯಲ್ಲಿ ಸಾರು ಮಾಡಿದೆ. ಪುಡಿ ಕೆಟ್ಟಿದ್ದರಿಂದ ಮೆಣಸು, ಜೀರಿಗೆ ಕುಟ್ಟಿ ಹಾಕಿದೆ. ಮೂವರೂ ಜಗಲಿಯಲ್ಲಿ ಕುಳಿತು ಉಂಡೆವು. ಆಕೆ ಈ ಸಲವೂ ಕೆಮ್ಮಿದಳು. ಬೆಟ್ಟ ಗುಲಾಬಿ ಆಗುವುದನ್ನು ನಾನು ಆವತ್ತು ಮೊದಲ ಸಲ ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎನಿಸಿದ್ದಕ್ಕೇ ಅಳು ಬಂತು.

ಹೇವರ್ಡ್‌ಗೆ ಬಂದ ಮಾರನೆಯ ದಿನ ಡಬರಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ವಿಮಲಾ ಅವರ ಮನೆಗೆ ಹೋದೆ. ಅವರು ಬಾಗಿಲು ತೆರೆದು, ಅದರ ಹಿಡಿಕೆ ಹಿಡಿದುಕೊಂಡೇ ನಿಂತರು.

“ಡಬರಿ ಸಿಕ್ತು ವಿಮಲಾ” ಎಂದೆ.

“ಎಲ್ಲಿತ್ತು?”

“ಇಟಲೀಲಿ.”

ನನ್ನ ತಲೆ ಕೆಟ್ಟಿರಬೇಕು ಎಂಬಂತೆ ಅವರು ಮುಖ ನೋಡಿದರು. ಅಲ್ಲೇ ನಿಂತು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವರು ಡಬರಿ ತೆಗೆದುಕೊಂಡು, ಹೆಸರಿನ ಮೇಲೆ ಬೆರಳು ಆಡಿಸಿ, ವಾಪಸು ಕೊಟ್ಟರು.

“ಆಯ್ತು, ಬಿಡಿ. ಆದ್ರೆ ನಿಮ್ಮ ಯಜಮಾನ್ರು ಆವಾಗ್ಲೇ ಒಂದು ಮಾತು ಹೇಳ್ಬಹುದಿತ್ತಲ್ವಾ ಮಾರಾಯ್ರೆ?”

ಹೇಳಬಹುದಿತ್ತು. ನವರಾತ್ರಿಯ ಊಟದಿಂದ ಮನೆಗೆ ಬಂದ ಡಬರಿಯನ್ನು ಇಟಲಿಗೆ ಒಯ್ದವರು ಅವರೇ, ನಾನು ಜಗಳವಾಡುವುದನ್ನೂ ಕಂಡಿದ್ದರು, ಆದರೂ ಸುಮ್ಮನಿದ್ದರು. ಮುಂದಿನ ವರ್ಷವೇ ಹೋಗುತ್ತೇವಲ್ಲ, ಆಗ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದರೇನೋ. ಕೇಳಲು ಈಗ ಆಗುವುದಿಲ್ಲ. ಅವರ ಮೇಲೆ ನನಗೆ ಇದೊಂದು ಸಿಟ್ಟು ಉಳಿದಿದೆ. ನಾನು ಅವರನ್ನು ಮೂರು ತಿಂಗಳು ಏನೇನೆಂದು ತಿಳಿದುಕೊಂಡೆ ಎಂಬುದು ಅವರಿಗೆ ಗೊತ್ತಾಗಲಿಲ್ಲವಲ್ಲ ಎಂಬ ಸಮಾಧಾನವೂ ಇದೆ. ವಿಮಲಾ ಆವತ್ತು ಒಳಗೆ ಕರೆಯಲಿಲ್ಲ. ಹೋದ ವಾರ ಮಾತ್ರ ಅವರ ಮನೆಯ ಕರಿಬೇವು ಒಂದು ಹಿಡಿ ನಮ್ಮ ಬಾಗಿಲ ಹಿಡಿಗೆ ತೂಗುಹಾಕಿ ಹೋಗಿದ್ದರು.

ಡಬರಿ ಈಗ ಮೊದಲಿನ ಜಾಗದಲ್ಲೇ, ಒಲೆಯ ಪಕ್ಕದಲ್ಲಿದೆ. ಅದರಲ್ಲಿ ಸಾರು ಮಾಡಿದರೆ ಸರಿಯಾಗಿ ಇಬ್ಬರಿಗೆ ಆಗುತ್ತದೆ. ಊಟಕ್ಕೆ ಕುಳಿತಾಗ ಇನ್ನೊಬ್ಬರಿಲ್ಲ.