ನಡುವಿನ ಮೂರು ತಿಂಗಳು

ಸಿಂಗಪುರದ ಬೆಡೋಕ್‌ನಲ್ಲಿದ್ದ ಫ್ಲ್ಯಾಟ್ ಮಾರಿ, ತಾಂಪಿನೀಸ್‌ನಲ್ಲಿ ತಂಗಿಯ ಮನೆಯ ಹತ್ತಿರ ಸಣ್ಣದೊಂದನ್ನು ಕೊಳ್ಳುತ್ತೇನೆಂದು ಸಲ್ಬಿಯಾ ಹೇಳಿದಾಗ ಮಗ ಅಜ್ಮಾನ್ ಅಡ್ಡ ಬರಲಿಲ್ಲ. ತಕರಾರು ಹುಟ್ಟಿದ್ದು ನಡುವಿನ ದಿನಗಳ ಬಗ್ಗೆ. ಹಳೆಯದನ್ನು ಮಾರದೆ ಹೊಸದನ್ನು ಕೊಳ್ಳುವಂತಿರಲಿಲ್ಲ. ಮಾರಿದ ಮೇಲೆ ಹೊಸದರ ಬೀಗದಕೈ ಸಿಗಲು ಮೂರು ತಿಂಗಳು ಬೇಕಿತ್ತು.

“ಅಲ್ಲೀವರೆಗೆ ನಮ್ಮನೇಲಿರಮ್ಮ. ಮಕ್ಕಳ ರೂಮಲ್ಲೇ ಹಾಸಿಗೆ ಹಾಕಿದ್ರಾಯ್ತು.”

“ನಾ ಬರಲ್ಲ. ಕೊಳ್ಳೋರು ನನ್ನನ್ನ ಇಲ್ಲೇ ಇರೋಕೆ ಬಿಡಲಿ. ಬಾಡಿಗೆ ಕೊಡ್ತೀನಿ.”

ಚಿಕ್ಕಂದಿನಲ್ಲಿ, ಅವರ ಹಳ್ಳಿಯ ಮನೆ ಕೆಡವಿದಾಗ, ಸಲ್ಬಿಯಾ ದೊಡ್ಡಪ್ಪನ ಮನೆಯಲ್ಲಿ ಒಂದು ಮಳೆಗಾಲ ಕಳೆದಿದ್ದಳು. ಅಲ್ಲಿ ಚಿಟಿಕೆ ಉಪ್ಪಿಗೂ ತಾಯಿ ಅವರಿವರ ಮುಖ ನೋಡಬೇಕಾಗಿದ್ದನ್ನು ಅವಳು ಮರೆತಿರಲಿಲ್ಲ.

ಮೊದಲು ನೋಡಲು ಬಂದ ದಂಪತಿ ಷರತ್ತು ಕೇಳಿ ಆಗದೆಂದು ತಲೆಯಾಡಿಸಿಬಿಟ್ಟರು. “ಒಳ್ಳೆ ರೇಟು ಚಿಕ್ಕಮ್ಮ, ಹಟ ಬಿಡಿ,” ಎಂದು ದಲ್ಲಾಳಿ ಹನಾಫಿ ಪಿಸುಗುಟ್ಟಿದ.

“ನಿಂಗೆ ಕಮಿಷನ್ ಚಿಂತೆ, ನಂಗೆ ನನ್ನ ಒಲೆ ಚಿಂತೆ. ಟೀ ಕುಡಿಸ್ತೀನಿ, ಆಮೇಲೆ ಅವರನ್ನ ಕರ್ಕೊಂಡು ಹೊರಡು.”

ಮುಂದಿನ ತಿಂಗಳು ಬಂದ ಶಿಕ್ಷಕಿಯೊಬ್ಬಳು ಬೆಲೆ ಕಡಿಮೆ ಹೇಳಿದಳು, ಷರತ್ತಿಗೆ ಮಾತ್ರ ಒಪ್ಪಿದಳು. ಸಲ್ಬಿಯಾ ಅವಳಿಗೇ ಮಾರಿದಳು. ಕೈಗೆ ಬಂದ ಒಳ್ಳೆ ಬೆಲೆಯನ್ನು ಬಿಟ್ಟಳೆಂದು ಅಜ್ಮಾನ್ ಮಾತು ಬಿಟ್ಟ. ಅವಳು ಅದಕ್ಕೂ ಬಗ್ಗಲಿಲ್ಲ.

ಬೀಗದಕೈ ಸಿಕ್ಕ ದಿನ ಪಾತ್ರೆ-ಪಡಗಗಳ ಲಾರಿ ಎಲ್ಲೂ ನಿಲ್ಲದೆ ತಾಂಪಿನೀಸ್ ಸೇರಿತು. ಸಂಜೆ ಅಜ್ಮಾನ್ ಬಂದು ಬಾಗಿಲಲ್ಲೇ ನಿಂತ.

“ಚಪ್ಪಲಿ ಹೊರಗೆ ಬಿಟ್ಟು ಬಾ,” ಎಂದಳು ಸಲ್ಬಿಯಾ. “ಆ ಪರದೆ ಕಟ್ಟಿಕೊಡು. ಆಮೇಲೆ ಊಟ.”