ಕೇಳಿಯೇ ಕೂಗುತ್ತಿದ್ದ ವಾಸುಮಾವ

ವಾಸುಮಾವ ಒಳಗಿನ ಭಟ್ಟರಿಗೆ “ಎರಡು ಮಸಾಲೆ, ಒಂದು ಸೆಟ್!” ಎಂದು ಕೂಗಿದರೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲಿದ್ದವರಿಗೂ ಹಸಿವಾಗುತ್ತಿತ್ತು. ನನ್ನ ತಾಯಿಯ ತಮ್ಮ ಅವರು. ಸ್ಟೇಷನ್ ಪಕ್ಕದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವರು. ಚೀಟಿ, ಪೆನ್ನು ಮುಟ್ಟಿದವರಲ್ಲ. ಎಲ್ಲ ಗಂಟಲಲ್ಲೇ.

ಆದರೆ ಕೂಗುವ ಮೊದಲು ಅವರದೊಂದು ಕ್ರಮವಿತ್ತು. ಗಿರಾಕಿ ಹೇಳಿದ್ದನ್ನು ಅವನಿಗೇ ಒಮ್ಮೆ ಒಪ್ಪಿಸಿ, “ಚಟ್ನಿ ಇವತ್ತು ಖಾರ ಉಂಟು, ಅಡ್ಡಿಯಿಲ್ವಾ?” ಎಂದು ಕೇಳುತ್ತಿದ್ದರು. ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೂಂ ಎನ್ನಬೇಕು. ಲೋಕಲ್ ತಪ್ಪುತ್ತದೆಂದು ಸಿಡುಕಿದವರಿಗೆ, “ಗಾಡಿ ಇನ್ನೊಂದು ಬರ್ತದೆ ಮಾರಾಯ್ರೆ. ಹೇಳದೆ ಕೊಟ್ರೆ ಉರಿಯುವ ನಾಲಿಗೆ ನಿಮ್ಮದಲ್ವಾ?” ಎಂಬ ಉತ್ತರ. ಒಮ್ಮೆ ಹೋಟೆಲಿನ ಯಜಮಾನರ ಬೀಗರು ಇಡ್ಲಿ ಕೇಳಿದಾಗಲೂ, “ಹಿಟ್ಟು ಸ್ವಲ್ಪ ಹುಳಿ ಬಂದಿದೆ, ಆಗಬಹುದಾ?” ಎಂದುಬಿಟ್ಟರು. ಗಲ್ಲಾದಲ್ಲಿ ಕೂತ ಯಜಮಾನರು ಹಲ್ಲು ಕಡಿದರು. ಬೀಗರು ಉಪ್ಪಿಟ್ಟು ತಿಂದು ಹೋದರು.

ಅಂಥವರ ಕುತ್ತಿಗೆಯಲ್ಲಿ ಗಂಟು ಬೆಳೆದು ಅನ್ನ ನುಂಗುವುದೇ ಕಷ್ಟವಾಯಿತು. ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನೋಡಿ ಎಂದು ನನ್ನ ಮೊಬೈಲಿಗೆ ವಿಡಿಯೊ ಲಿಂಕ್ ಕಳಿಸಿದರು. ಒಳ್ಳೆಯ ವಿಡಿಯೊ. ಏನು ಮಾಡುತ್ತಾರೆ, ಏನು ತೊಂದರೆಯಾಗಬಹುದು, ಡಾಕ್ಟರರನ್ನು ಏನೇನು ಕೇಳಬೇಕು, ಎಲ್ಲ ಚಿತ್ರಸಮೇತ ಇತ್ತು. ಭಾಷೆ ಮಾತ್ರ ಇಂಗ್ಲಿಷ್. ಬಿಡಿಸಿ ಹೇಳುವ ಕೆಲಸ ನನ್ನದು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದೆ. ಸ್ವರದ ನರಕ್ಕೆ ಪೆಟ್ಟಾಗಬಹುದು, ಅಪರೂಪಕ್ಕೆ ಸ್ವರ ಮರಳದೆಯೂ ಇರಬಹುದು ಎನ್ನುವ ಜಾಗ ಬಂತು. ಪರದೆಯ ಮೇಲೆ ಗಂಟಲಿನ ಚಿತ್ರವಿತ್ತು. ಮಾವ ಅದಕ್ಕೆ ಬೆರಳಿಟ್ಟರು.

“ಇದು ಎಂತ ಹೇಳ್ತದೆ ಮಾಣಿ?”

“ಅರೇ ಮಾವ, ಕುಛ್ ನಹೀಂ. ಎಲ್ರಿಗೂ ಹೇಳೋದೇ. ಸೈನ್ ಮಾಡಿ.”

“ನೀನು ನೋಡಿದ್ಯಲ್ಲ, ಸಾಕು,” ಎಂದು ಸಹಿ ಹಾಕಿದರು.

ಕೇಳಿದರೆ ಹೆದರಿಯಾರೆಂದು ಹೇಳಲಿಲ್ಲ ಅಂತ ಆಮೇಲೆ ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಸುಳ್ಳು. ಸಾನಪಾಡಾದ ಆಫೀಸಿಗೆ ನನಗೆ ಹೊತ್ತಾಗುತ್ತಿತ್ತು, ಅಷ್ಟೇ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಹಿಡಿಯಾಗುತ್ತೇನೆ.

ಗಂಟು ಹೋಯಿತು, ಮಾವ ಉಳಿದರು, ಸ್ವರ ಮಾತ್ರ ಬರಲಿಲ್ಲ. ಹೋಟೆಲಿನವರು ಅವರನ್ನು ಹಿಂದುಗಡೆ ಕೊತ್ತಂಬರಿ ಸೊಪ್ಪು ಬಿಡಿಸಲು ಕೂರಿಸಿದರು. ಆರು ತಿಂಗಳ ಮೇಲೆ ಧೈರ್ಯ ಮಾಡಿ ಅಲ್ಲಿಗೆ ಹೋಗಿ, ಆ ಚಿತ್ರ ಏನು ಹೇಳುತ್ತಿತ್ತೆಂದು ತಿಳಿಸಿ, ಅವತ್ತು ಮುಚ್ಚಿಟ್ಟಿದ್ದನ್ನು ಒಪ್ಪಿಕೊಂಡೆ. ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬರೀ ಗಾಳಿಯಂಥ ಮಾತು, ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಯಿತು.

“ಹೇಳಿದ್ರೂ ಆಪರೇಶನ್ ಮಾಡಿಸ್ತಿದ್ದೆ. ಆದ್ರೆ ಹಿಂದಿನ ದಿನ ಇಲ್ಲಿಗೆ ಬಂದು ಒಂದ್ಸಲ ಹೊಟ್ಟೆತುಂಬ ಕೂಗಿ ಹೋಗ್ತಿದ್ದೆ, ಮಾಣಿ.”

ಅದೇ ನಮ್ಮ ಕೊನೆಯ ಭೇಟಿ. ಮರುತಿಂಗಳು ಎದೆನೋವು ಬಂದು ತೀರಿಕೊಂಡರು. ಆ ಭೇಟಿಯ ದಿನ ನಾನು ಬೇಡವೆಂದರೂ ಕೇಳದೆ ತಾವೇ ಎದ್ದು ಹೋಗಿ ದೋಸೆ ತಂದಿದ್ದರು. ತಟ್ಟೆಯನ್ನು ಮಾತ್ರ ಕೆಳಗಿಡಲಿಲ್ಲ. ಬಗ್ಗಿ, ನನ್ನ ಕಿವಿಯಲ್ಲಿ, “ಚಟ್ನಿ ಇವತ್ತು ಖಾರ ಉಂಟು. ಅಡ್ಡಿಯಿಲ್ವಾ?” ಎಂದರು. ನಾನು ಬಾಯಿಬಿಟ್ಟು ಹೂಂ ಎನ್ನುವವರೆಗೂ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು.