ಓಣಿಗೆ ಬಂದ ಕಲ್ಲಿನ ಗಾಡಿಗಳು

ಕೀಲೆಣ್ಣೆಯ ವಾಸನೆ ಈಗ ಎಲ್ಲಿ ಸಿಗುತ್ತದೆ ಹೇಳಿ? ಮೊನ್ನೆ ಪರಿಚಯದವರೊಬ್ಬರ ಹಳೆಯ ಕೊಟ್ಟಿಗೆಯಲ್ಲಿ, ಮೂಲೆಗೆ ಒರಗಿಸಿಟ್ಟ ಗಾಡಿಯ ಗಾಲಿಯ ಹತ್ತಿರ ಬಾಗಿದಾಗ ಆ ಕಪ್ಪು ಜಿಡ್ಡಿನ ಘಾಟು ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಗಜೇಂದ್ರಗಡದ ನಮ್ಮ ಓಣಿ ಬಂತು, ಕೆಂಪು ಧೂಳು ಬಂತು, ಆ ಧೂಳಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ನನ್ನ ಅಜ್ಜಿ ನೀಲವ್ವ ಬಂದಳು. ಕಣ್ಣಲ್ಲಿ ಅದೇ ಸಂಶಯ. ನಮ್ಮ ಮನೆತನಕ್ಕೆ ಹೊಲ ಕಡಿಮೆ, ಸಂಶಯ ಹೇರಳ. ನನಗೂ ಅದರಲ್ಲಿ ಪಾಲು ಬಂದಿದೆ.

ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲವದು. ಓಣಿಯೆಂದರೆ ನಮಗೆ ಹೊರಗಿನ ಪಡಸಾಲೆಯೇ. ಬೇಸಿಗೆಯಲ್ಲಿ ನಡುಬೀದಿಗೆ ಹೊರಸು ಹಾಕಿ ಶ್ಯಾವಿಗೆ ಒಣಗಿಸುತ್ತಿದ್ದರು, ಸಂಜೆ ಅದೇ ಹೊರಸಿನ ಮೇಲೆ ಮುದುಕರು ಕಾಲು ಚಾಚುತ್ತಿದ್ದರು. ನಮ್ಮ ಬಾಗಿಲ ಮುಂದೆ ಬೇವಿನ ಮರ, ಅದರ ಬುಡದಲ್ಲಿ ದನಗಳಿಗೆ ನೀರುಣಿಸುವ ಕಲ್ಲಿನ ದೋಣಿ. ಅಜ್ಜ ಇಡಿಸಿದ್ದು. ಅವನು ತೀರಿಕೊಂಡ ಮೇಲೆ ಅಜ್ಜಿ ದಿನಾ ಬೆಳಿಗ್ಗೆ ಹಿತ್ತಲ ಬಾವಿಯಿಂದ ತಾನೇ ನೀರು ಸೇದಿ ಅದನ್ನು ತುಂಬಿದ ಮೇಲೆಯೇ ಬಾಯಿಗೆ ಏನಾದರೂ ಹಾಕುತ್ತಿದ್ದಳು. ಪಕ್ಕದ ಮನೆ ಗೌರವ್ವನದು. ಎರಡೂ ಅಡಿಗೆಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅದರಲ್ಲಿ ಕೆಂಡ, ಬಿಸಿ ರೊಟ್ಟಿ, ಊರಿನ ಸುದ್ದಿ ಎಲ್ಲವೂ ಆಚೀಚೆ ಓಡಾಡುತ್ತಿದ್ದವು. ಗೌರವ್ವ ಅಜ್ಜಿಗಿಂತ ಹತ್ತಾರು ವರ್ಷ ಚಿಕ್ಕವಳಾದರೂ ಜೀವದ ಗೆಳತಿ.

ಆಗ ಊರಾಚೆ ಹೊಸ ಪ್ಲಾಟು ಬಿದ್ದವು. ಮನೆ ಕಟ್ಟಲು ಗುಡ್ಡದ ಬುಡದಿಂದ ಕಲ್ಲು ಬೇಕು. ಕಲ್ಲಿನ ಗಾಡಿಗಳಿಗೆ ಊರ ಹೊರಗೆ ಅಗಲವಾದ ದಾರಿ ಇತ್ತು. ಅದನ್ನು ಬಿಟ್ಟು ಅವು ಒಂದರ ಹಿಂದೊಂದು ನಮ್ಮ ಇಕ್ಕಟ್ಟಿನ ಓಣಿಗೇ ನುಗ್ಗಿದವು. ಹೊರಸುಗಳು ಒಳಗೆ ಹೋದವು. ಶ್ಯಾವಿಗೆ ತಿಂದರೆ ಹಲ್ಲಿಗೆ ಮಣ್ಣು ಸಿಗತೊಡಗಿತು. ಗಾಲಿ ತಾಗಿ ನಮ್ಮ ಕಟ್ಟೆಯ ಮೂಲೆ ಕಿತ್ತುಹೋಯಿತು. ಮಕ್ಕಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

“ಇದರಾಗ ಏನೋ ಐತಿ,” ಎಂದಳು ಅಜ್ಜಿ.

ಏನಿದೆ ಎಂದು ಕಂಡುಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಗೌರವ್ವನ ಗಂಡ ಶಿವಲಿಂಗಪ್ಪ ಹೊಸ ಪ್ಲಾಟಿನಲ್ಲಿ ಜಾಗ ಹಿಡಿದಿದ್ದ. ಒಬ್ಬಿಬ್ಬರು ಗಾಡಿಯವರು ಅವನಿಗೆ ನಮಸ್ಕಾರ ಹಾಕುತ್ತಿದ್ದರು. ಗೌರವ್ವನ ಮೈಮೇಲೆ ಹೊಸ ಇಳಕಲ್ ಸೀರೆ ಬೇರೆ. ಇಷ್ಟು ಸಾಕಾಯಿತು: ತನ್ನ ಕಲ್ಲು ಲಗೂ ಮುಟ್ಟಲೆಂದು ಗಾಡಿಗಳಿಗೆ ಈ ದಾರಿ ತೋರಿಸಿದವನು ಅವನೇ. ನಾನೂ ಅದನ್ನೇ ನಂಬಿ, ಗೌರವ್ವ ನಕ್ಕರೆ ಯಾಕೆ ನಕ್ಕಳೆಂದು ಲೆಕ್ಕ ಹಾಕುತ್ತಿದ್ದೆ. ಕೇಳಿ ತಿಳಿಯೋಣ ಎಂದು ಮಾತ್ರ ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಮಣ್ಣು, ಸೆಗಣಿ ಕಲಸಿ ಆ ಕಿಂಡಿಯನ್ನು ಮೆತ್ತತೊಡಗಿದಳು. ಆಚೆ ಕಡೆ ಬಳೆಯ ಸದ್ದಾಯಿತು.

“ನೀಲಕ್ಕಾ, ಬೆಳಕಿಗರ ಒಂದೀಟು ಬಿಡ,” ಎಂದಳು ಗೌರವ್ವ.

ಅಜ್ಜಿ ಇನ್ನೊಂದು ಮುದ್ದೆ ಮಣ್ಣು ಒತ್ತಿದಳು. ಮೆತ್ತಿ ಮುಗಿಸಿ ಕೈ ತೊಳೆದಳು. ಕೆಲವು ತಿಂಗಳಲ್ಲಿ ಗೌರವ್ವನ ಮನೆಯವರು ಹೊಸ ಮನೆಗೆ ಹೋದರು. ವಾಸ್ತುಶಾಂತಿಗೆ ಕರೆದರೂ ಅಜ್ಜಿ ಹೋಗಲಿಲ್ಲ.

ಅವರು ಹೋದರೂ ಗಾಡಿಗಳು ನಿಲ್ಲಲಿಲ್ಲ. ಈಗ ಯಾರ ಮೇಲೆ ಸಂಶಯಪಡುವುದೆಂದು ಅಜ್ಜಿಗೇ ತಿಳಿಯದೆ, ಬೇವಿನ ನೆರಳಲ್ಲಿ ಎತ್ತು ಬಿಟ್ಟಿದ್ದ ಒಬ್ಬ ಗಾಡಿಯವನನ್ನು ತಡೆದಳು.

“ಶಿವಲಿಂಗಪ್ಪನ ಮನಿ ಮುಗದೈತೆಲ್ಲೋ ತಮ್ಮಾ, ಇನ್ನ ಯಾಕ ಈ ಓಣ್ಯಾಗ ಬರ್ತೀರಿ?”

“ಯಾವ ಶಿವಲಿಂಗಪ್ಪರಿ ಯವ್ವಾ? ಹೊರಗಿನ ದಾರ್ಯಾಗ ಎತ್ತಿಗೆ ಹನಿ ನೀರಿಲ್ರಿ. ಇಲ್ಲಿ ನಿಮ್ಮ ದೋಣಿ ಐತೆಲ್ರಿ, ಅದಕ್ಕ ಎಲ್ಲಾರೂ ಹಿಂಗ ಬರ್ತೀವಿ. ನಿಮ್ಮ ಪುಣ್ಯೇ ದೊಡ್ಡದ್ರಿ,” ಎಂದು ಅವನು ಕೈ ಮುಗಿದ.

ಅಜ್ಜಿ ದೋಣಿಯ ಕಡೆ ತಿರುಗಿದಳು. ಎತ್ತುಗಳು ಕುಡಿಯುತ್ತಿದ್ದವು. ದೋಣಿಯನ್ನು ಬರಿದು ಮಾಡಿದರೆ ಓಣಿ ಉಳಿಯುತ್ತಿತ್ತು, ಅಜ್ಜನ ಹೆಸರು ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಎಂದಿನಂತೆ ಅದನ್ನು ತುಂಬಿ, ನನ್ನ ಕೈ ಹಿಡಿದು ಹೊಸ ಪ್ಲಾಟಿನ ಕಡೆ ಹೊರಟಳು.

ಗೌರವ್ವ ಬಾಗಿಲಿಗೆ ಬಂದಳು, ನಕ್ಕಳು, ಕಾಲಿಗೆ ನೀರು ಕೊಟ್ಟಳು. ಅಭ್ಯಾಸಬಲದಿಂದ ಅಜ್ಜಿ ನೇರ ಒಲೆಯ ಕಡೆ ಹೆಜ್ಜೆ ಹಾಕಿದಳು.

“ಒಳಗ ಹೊಗಿ ಐತಿ ನೀಲಕ್ಕಾ, ಇಲ್ಲೇ ಕೂಡು,” ಎಂದು ಗೌರವ್ವ ಪಡಸಾಲೆಯಲ್ಲಿ ಜಮಖಾನೆ ಹಾಸಿದಳು. ಬೀಗರು ಬಂದರೆ ಮಾತ್ರ ಹೊರಗೆ ತೆಗೆಯುವಂಥ ಜಮಖಾನೆ. ಅಜ್ಜಿ ಅದರ ಅಂಚಿನ ಮೇಲೆ ಕೂತಳು.

“ಗೌರೀ, ನಾ ತಪ್ಪ ತಿಳ್ಕೊಂಡಿದ್ದೆ.”

“ಇರ್ಲಿ ಬಿಡ, ಆಗಿದ್ದಾತು. ಚಾ ತಗೋ.”

ಕಪ್-ಬಸಿಯಲ್ಲಿ ಚಹಾ ಬಂತು, ತಟ್ಟೆಯಲ್ಲಿ ಚೂಡಾ ಬಂತು. ಮಳೆಯ ಮಾತು, ಮಕ್ಕಳ ಶಾಲೆಯ ಮಾತು ಆಯಿತು. ಹೊರಡುವಾಗ ಗೌರವ್ವ ಅಜ್ಜಿಗೆ ಹೊಸ ಕುಪ್ಪಸದ ಬಟ್ಟೆ ಕೊಟ್ಟು, ಮೆಟ್ಟಿಲವರೆಗೂ ಬಂದು ಕಳಿಸಿದಳು.

ದಾರಿಯಲ್ಲಿ ಅಜ್ಜಿ, “ಭಾಳ ಮರ್ಯಾದಿ ಮಾಡಿದ್ಲು ಗೌರಿ, ಹೌದಿಲ್ಲೋ?” ಎಂದಳು. ನಾನು ಹೌದೆಂದೆ. ಅಷ್ಟಕ್ಕೇ ಅವಳು ನಡುದಾರಿಯಲ್ಲಿ ನಿಂತು ಅಳತೊಡಗಿದಳು.

ಈಗ ಅವರಿಬ್ಬರೂ ಇಲ್ಲ. ಬದುಕಿರುವವರೆಗೂ ಒಬ್ಬರನ್ನೊಬ್ಬರು ಬಹಳ ಮರ್ಯಾದೆಯಿಂದಲೇ ಕಂಡರು.